ಗುಡ್ಡಕ್ಕೆ ಬಲ ಹಾಕುತ್ತಿದ್ದ ಕಾಕಾ

ಕಾಕಾ ಅವರಿಗಿಂತ ಮೊದಲು ಅವರ ಚಪ್ಪಲಿ ಬರುತ್ತಿತ್ತು. ಮೂಗು ಮೇಲಕ್ಕೆ ಬಾಗಿದ, ದಪ್ಪ ಅಟ್ಟೆಯ, ಹೆಜ್ಜೆಗೊಮ್ಮೆ ಕಿರ್ರೆಂದು ಕಿರುಚುವ ಚರ್ಮದ ಚಪ್ಪಲಿ. ಆ ಸದ್ದು ಹಳತಾಗಿ ಬಂದದ್ದಲ್ಲ. ಹೊಲಿಸುವಾಗಲೇ ಹೇಳಿ ಮಾಡಿಸಿಕೊಂಡದ್ದು. ಮುಂಜಾನೆಯ ಕುರುಚಲು ಕಾಡಿನಲ್ಲಿ, ಗೌಜಲಕ್ಕಿಗಳು ಮರಿಗಳನ್ನು ಕರೆದುಕೊಂಡು ಕಾಲುದಾರಿಗೆ ಇಳಿಯುವ ಹೊತ್ತಿನಲ್ಲಿ, ಆ ಚಪ್ಪಲಿ ವನ್ಯಧಾಮದ ಬಾಗಿಲಲ್ಲಿ ಒಮ್ಮೆ ಕಿರ್ರೆಂದರೆ ಸಾಕು, ಕಾರೆಗಿಡಗಳ ಬುಡದಿಂದ ಇಡೀ ಸಂಸಾರವೇ ಭರ್ರೆಂದು ಹಾರಿಹೋಗುತ್ತಿತ್ತು. ನಾನು ದುರ್ಬೀನು ಕೆಳಗಿಳಿಸಿ ಹಲ್ಲು ಕಚ್ಚುತ್ತಿದ್ದೆ.

"ಕಾಕಾ, ಆ ಚಪ್ಪಲಿ ಬಿಟ್ಟು ಬ್ಯಾರೆ ಹಾಕ್ಕೊಂಡ ಬರ್ರಿ ಅಂತ ಎಷ್ಟ ಸಲ ಹೇಳಬೇಕ್ರಿ ನಿಮಗ?"

"ಯಾಕವಾ? ಮಂದಿ ಬರಾಕ ಹತ್ಯಾರ ಅಂತ ಕರಡಿಗೆ ಗೊತ್ತಾಗಬ್ಯಾಡೇನು? ಹೇಳದ ಕೇಳದ ಇನ್ನೊಬ್ಬರ ಮನಿ ಹೊಕ್ಕರ ಅದಕ್ಕ ಕಳ್ಳತನ ಅಂತಾರ."

ಈ ವಾದದಲ್ಲಿ ಒಂದಿಷ್ಟು ತೂಕವಿತ್ತು ಎಂಬುದೇ ನನ್ನ ಸಿಟ್ಟನ್ನು ಹೆಚ್ಚಿಸುತ್ತಿತ್ತು.

ಕಾಕಾ ನನಗೆ ರಕ್ತಸಂಬಂಧಿಯಲ್ಲ. ಗಂಗಾವತಿಯಲ್ಲಿ ನಮ್ಮ ಎದುರು ಮನೆಯವರು, ಭತ್ತದ ದಲಾಲಿ ಅಂಗಡಿ ಇಟ್ಟವರು. ನವಲಿಯ ಕಡೆಯ ರೈತರು ಚೀಲ ಇಳಿಸಿದರೆ ಮೊದಲು ಒಂದು ಹಿಡಿ ಭತ್ತ ಅವರ ಅಂಗೈಗೆ ಹೋಗುತ್ತಿತ್ತು. ಎರಡೂ ಅಂಗೈ ಕೂಡಿಸಿ ತಿಕ್ಕಿ, ಉಫ್ ಎಂದು ಹೊಟ್ಟು ಹಾರಿಸಿ, ಅಕ್ಕಿಯನ್ನು ಹಲ್ಲಿಗೆ ಕಚ್ಚಿ ನೋಡುವುದು ಅವರ ರೂಢಿ. ಕೈಯಲ್ಲಿ ಭತ್ತ ಇಲ್ಲದಾಗಲೂ, ಕಾಡಿನಲ್ಲಿ ನಡೆಯುವಾಗಲೂ ಅಂಗೈ ತಿಕ್ಕುತ್ತಲೇ ಇರುತ್ತಿದ್ದರು. ಅವರ ಹೆಂಡತಿಯನ್ನು ಓಣಿಯೆಲ್ಲ ಕಾಕು ಎನ್ನುತ್ತಿತ್ತು. ನಾನು ಕಾಲೇಜಿನಲ್ಲಿ ಪಾಠ ಹೇಳುವವಳು. ವೈಚಾರಿಕ ಶಿಬಿರಗಳಲ್ಲಿ, ಬೀದಿ ನಾಟಕಗಳ ನಡುವೆ, ಪ್ರಶ್ನೆ ಕೇಳದೆ ಏನನ್ನೂ ಒಪ್ಪಬೇಡವೆಂದು ಕಲಿಸಿದ ಹಿರಿಯರ ಕೈಯಲ್ಲಿ ಬೆಳೆದವಳು. ತಪ್ಪನ್ನು ತಪ್ಪೆನ್ನದೆ ಬಿಡುವುದು ಸೌಜನ್ಯವಲ್ಲ, ಸೋಮಾರಿತನ ಎಂದು ನಾನು ಇಂದಿಗೂ ನಂಬಿದ್ದೇನೆ. ಗೆಳೆಯರೊಂದಿಗೆ ಸೇರಿ ಕಟ್ಟಿದ ನಮ್ಮ ಪರಿಸರ ಬಳಗವು ಆ ನಂಬಿಕೆಯ ಮೇಲೆಯೇ ನಿಂತಿದೆ. ಕಾಕಾ ನನ್ನನ್ನು ಹೆಸರು ಹಿಡಿದು ಕರೆದದ್ದು ನೆನಪಿಲ್ಲ.

"ಬಂತು ನೋಡ್ರಪಾ ನಮ್ಮ ತಕರಾರು! ಬಾರವಾ ತಕರಾರು, ಇವತ್ತ ಏನ್ ತಪ್ಪ ಮಾಡೀವಿ ನಾವು?" ಎನ್ನುತ್ತಿದ್ದರು.

ಹೇಳಲು ತಪ್ಪುಗಳಿಗೆ ಬರವಿರಲಿಲ್ಲ.

ನಮ್ಮ ಪಟ್ಟಣಕ್ಕೆ ಹತ್ತಿರದಲ್ಲೇ ಒಂದು ಸಣ್ಣ ವನ್ಯಧಾಮವಿದೆ. ದೊಡ್ಡ ಕಾಡೆಂದು ಭ್ರಮಿಸಬಾರದು. ಬಂಡೆಗಳನ್ನು ರಾಶಿ ಹಾಕಿದಂತಿರುವ ಒಂದು ಗುಡ್ಡ, ಅದರ ಸುತ್ತ ಕಮರ, ಕಕ್ಕೆ, ಬಾರಿ, ಸೀತಾಫಲದ ಗಿಡಗಳು, ಬಂಡೆಗಳ ಪೊಟರೆಯಲ್ಲಿ ಕರಡಿ. ಗುಡ್ಡವನ್ನು ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದು ಸೇರುವ ಕಾಲುದಾರಿಯೊಂದಿದೆ. ಏರಿಲ್ಲ, ಇಳಿಜಾರಿಲ್ಲ, ಮೊಣಕಾಲು ನೋವಿನವರೂ ಬಿಸಿಲೇರುವ ಮೊದಲು ಮುಗಿಸಬಹುದು. ರವಿವಾರ ಬೆಳಿಗ್ಗೆ ಕಾಕಾ ದಲಾಲಿ ಬಜಾರಿನ ತಮ್ಮ ಗೆಳೆಯರನ್ನೆಲ್ಲ ಎಬ್ಬಿಸಿಕೊಂಡು ಅಲ್ಲಿಗೆ ಬರುತ್ತಿದ್ದರು. ಸಕ್ಕರೆ ಕಾಯಿಲೆಗೆ ನಡೆಯಬೇಕೆಂದು ಡಾಕ್ಟರು ಹೇಳಿದ್ದು ಅವರೊಬ್ಬರಿಗೆ. ನಡೆಸಿದ್ದು ಇಡೀ ಬಜಾರನ್ನು.

ನಮ್ಮ ಬಳಗ ಕರೆದ ಸಭೆಗಳಿಗೆ ಅವರು ಬಂದವರಲ್ಲ. ಸಭೆಗೆ ಬಂದು ಭಾಷಣ ಮಾಡಿದ ನಮ್ಮವರು ರವಿವಾರದ ಮುಂಜಾನೆ ಹಾಸಿಗೆ ಬಿಟ್ಟವರಲ್ಲ. ಹಾಗಾಗಿ ಗಿಡಗಳ ನಡುವೆ ಪ್ಲಾಸ್ಟಿಕ್ ಆರಿಸುತ್ತ ವಾರವಾರವೂ ನಾನು ಎದುರಾಗುತ್ತಿದ್ದದ್ದು ಇದೇ ದಲಾಲಿ ದಂಡಿಗೆ. ಅವರ ಜೇಬಿನಲ್ಲಿ ಮೊಬೈಲು ಭಜನೆ ಹಾಡುತ್ತಿತ್ತು. ಅವರ ಕೈಚೀಲದಲ್ಲಿ ಮಂಗಗಳಿಗೆಂದು ಬಾಳೆಹಣ್ಣಿನ ಗೊನೆ.

"ಮಂಗ್ಯಾಗೆ ಹಣ್ಣ ಹಾಕಬ್ಯಾಡ್ರಿ ಕಾಕಾ. ಅವು ತಾವಾಗಿ ಹುಡಿಕ್ಯಾಡಿ ತಿನ್ನೋದನ್ನ ಮರೀತಾವು. ನಾಳೆ ಮಂದಿ ಕೈಯಾಗಿಂದ ಕಸಗೊಳ್ತಾವು."

"ನಿಮ್ಮ ಮನಿಗೆ ಬಂದಾಗ ನಮಗ ಚಾ ಕೊಡ್ತೀಯಿಲ್ಲೋ? ನಾವು ಚಾ ಕಾಸೂದು ಮರತೀವೇನು?"

ಗೆಳೆಯರೆಲ್ಲ ಹೋ ಎಂದು ನಗುತ್ತಿದ್ದರು. ಸಿಪ್ಪೆಯನ್ನು ಮಾತ್ರ ಅವರು ನನ್ನ ಚೀಲಕ್ಕೇ ತಂದು ಹಾಕುತ್ತಿದ್ದರು, ಮಹಾ ಉಪಕಾರ ಮಾಡಿದವರಂತೆ.

ಎಲ್ಲಕ್ಕಿಂತ ನನಗೆ ಸಹಿಸಲಾಗದೆ ಇದ್ದದ್ದು ಕಾಕು ಅವರ ವಿಷಯ. ಪ್ರತಿ ರವಿವಾರ ಅವರೂ ಕಾರಿನಲ್ಲಿ ಬರುತ್ತಿದ್ದರು. ನಸುಕಿನಲ್ಲಿ ಎದ್ದು ಇಡೀ ದಂಡಿಗೆ ಮಂಡಕ್ಕಿ ನೆನೆಸಿ ಮಂಡಾಳ ಒಗ್ಗರಣಿ ಮಾಡಿ, ಮಿರ್ಚಿ ಕರಿದು, ಡಬ್ಬಿ ತುಂಬಿಕೊಂಡು ಬಂದು, ಬಾಗಿಲ ಬಳಿಯ ಬೇವಿನ ನೆರಳಲ್ಲಿ ಕೂಡುತ್ತಿದ್ದರು. ಗಂಡಸರು ಗುಡ್ಡ ಸುತ್ತಿ ಬಂದು ತಿನ್ನುವವರೆಗೆ ಡಬ್ಬಿ ಕಾಯುವುದೇ ಅವರ ಪಾಲಿನ ಕಾಡು.

"ಕಾಕುನ್ನೂ ಕರಕೊಂಡ ಹೋಗ್ರಿ. ಅವರ ಮೊಣಕಾಲು ನಿಮಗಿಂತ ಛಲೋ ಅದಾವ."

"ಹೆಣ್ಮಕ್ಕಳಿಗೆ ಯಾಕವಾ ಅಡವಿ? ಮುಳ್ಳು, ಕಲ್ಲು, ಕರಡಿ."

"ನಾ ಏನು ಗಂಡಸೇನ್ರಿ?"

ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿ, ಗಂಭೀರವಾಗಿ, "ನೀ ಹೆಣ್ಣೂ ಅಲ್ಲ ಗಂಡೂ ಅಲ್ಲ. ನೀ ತಕರಾರು," ಎಂದರು. ಕಾಕು ಸೆರಗು ಬಾಯಿಗಿಟ್ಟು ನಕ್ಕರು. ನಗುವ ಮಾತಾಗಿರಲಿಲ್ಲ ಅದು. ಅವರಿಬ್ಬರಿಗೂ ಹಾಗೆಂದು ಹೇಳಿದೆ. ಮುಂದಿನ ವಾರವೂ ಕಾಕು ಬೇವಿನ ಕೆಳಗೇ ಕೂತಿದ್ದರು.

ಇನ್ನು ದಾರಿಯ ಜಗಳ. ನಾನು ಬರೆಯಬೇಕೆಂದು ಕೂತದ್ದು ಅದನ್ನೇ.

ಬಾಗಿಲಿನಿಂದ ಸ್ವಲ್ಪ ಮುಂದೆ ಆ ಕಾಲುದಾರಿ ಕವಲೊಡೆಯುತ್ತದೆ. ಒಂದು ಕವಲು ಬಂಡೆಯ ದೊಣೆಯತ್ತ ಹೋಗುತ್ತದೆ; ದೊಣೆ ಎಂದರೆ ಮಳೆನೀರು ನಿಂತ ಕಲ್ಲಿನ ಗುಂಡಿ, ಬೇಸಿಗೆಯಲ್ಲಿ ಆ ಗುಡ್ಡದ ಪ್ರಾಣಿಗಳಿಗೆಲ್ಲ ಇರುವ ನೀರು ಅದೊಂದೇ. ಇನ್ನೊಂದು ಕವಲು ಕಮರದ ಮರಗಳ ನಡುವೆ ಹೋಗುತ್ತದೆ. ಎರಡೂ ಗುಡ್ಡದ ಬೆನ್ನಿಗೆ ಹೋಗಿ, ಎರಡು ಹೆಬ್ಬಂಡೆಗಳ ನಡುವಿನ ಒಂದು ಸಂದಿಯಲ್ಲಿ ಕೂಡುತ್ತವೆ. ಯಾವ ಕವಲು ಹಿಡಿದರೂ ಸುತ್ತು ಅದೇ, ದೂರ ಅದೇ. ಆದರೆ ಬೆಳಗಿನ ಜಾವ ದೊಣೆಯ ದಾರಿ ಹಿಡಿದು ಹೊರಟರೆ, ಕರಡಿ ನವಿಲುಗಳು ನೀರಿಗೆ ಬಾಯಿಟ್ಟ ಹೊತ್ತಿಗೇ ಮನುಷ್ಯರು ಹೋಗಿ ನಿಲ್ಲುತ್ತಾರೆ. ಕಮರದ ದಾರಿ ಹಿಡಿದರೆ ದೊಣೆ ಕೊನೆಗೆ ಬರುತ್ತದೆ. ಅಷ್ಟರಲ್ಲಿ ಪ್ರಾಣಿಗಳು ಕುಡಿದು ಹೋಗಿರುತ್ತವೆ. ಇದನ್ನು ವನ್ಯಧಾಮದ ಪ್ರವಾಸ ಸಮಿತಿಗೆ ಮನವರಿಕೆ ಮಾಡಿಕೊಡಲು ನಮ್ಮ ಬಳಗಕ್ಕೆ ಎರಡು ಬೇಸಿಗೆ ಹಿಡಿಯಿತು. ಕೊನೆಗೂ ಸಮಿತಿ ಕವಲಿನಲ್ಲಿ ಒಂದು ಕಲ್ಲು ನಿಲ್ಲಿಸಿ ಕಮರದ ಕಡೆಗೆ ಬಾಣ ಕೊರೆಸಿತು.

ಮುಂದಿನ ರವಿವಾರ ಕಾಕಾ ಆ ಬಾಣದ ಮುಂದೆ ನಿಂತರು. ಅಂಗೈ ತಿಕ್ಕಿದರು.

"ಇದು ಉಲ್ಟಾ ಐತಲ್ಲವಾ."

"ಯಾವುದು ಉಲ್ಟಾ?"

"ಈ ಕಡಿಂದ ಹೋದರ ಗುಡ್ಡ ಎಡಗೈಗೆ ಬರತೈತಿ."

"ಬರಲೇಳ್ರಿ. ಅದಕ್ಕೇನಾತು?"

ಜೊತೆಗಿದ್ದವರೆಲ್ಲ ನನ್ನನ್ನು ವಿಚಿತ್ರವಾಗಿ ನೋಡಿದರು. ದೇವರಿಗಾಗಲಿ, ಆಲದ ಮರಕ್ಕಾಗಲಿ, ನಮ್ಮಲ್ಲಿ ಸುತ್ತು ಬರುವುದು ಬಲಕ್ಕೆ. ಯಾವುದನ್ನು ಸುತ್ತುತ್ತೇವೋ ಅದು ಬಲಗೈ ಕಡೆಗಿರಬೇಕು. ಎಡಗೈ ಕಡೆಗಿಟ್ಟು ಸುತ್ತುವುದು ಅವರ ಮನೆತನಗಳಲ್ಲಿ ಒಂದೇ ಜಾಗದಲ್ಲಿ, ಸುಡುಗಾಡಿನಲ್ಲಿ, ಚಿತೆಯ ಸುತ್ತ.

"ಗುಡ್ಡದ ಮ್ಯಾಲ ದೇವರೂ ಇಲ್ಲ, ಗುಡೀನೂ ಇಲ್ಲ. ಬರೇ ಕಲ್ಲು," ಎಂದೆ.

"ದೇವರಿಲ್ಲ, ಖರೆ. ಆದರ ಗುಡ್ಡ ಐತಿಲ್ಲೋ? ಬದುಕಿದ್ದ ಗುಡ್ಡಾನ ಸತ್ತವರ್ನ ಸುತ್ತಿದಂಗ ಸುತ್ತು ಅಂತೀಯಲ್ಲ ತಕರಾರು!"

ಹಾಗೆಂದು ಕಿರ್ರ ಕಿರ್ರ ಎನ್ನುತ್ತ ದೊಣೆಯ ದಾರಿಗೇ ಇಳಿದರು. ಇಡೀ ಬಜಾರು ಅವರ ಹಿಂದೆ. ಪ್ರದಕ್ಷಿಣೆ, ಅಪ್ರದಕ್ಷಿಣೆ, ಶಕುನ, ಅಪಶಕುನ, ಇವುಗಳ ಹೆಸರಲ್ಲಿ ಈ ನಾಡಿನಲ್ಲಿ ಯಾರು ಯಾರು ಏನೇನು ಕಳೆದುಕೊಂಡಿದ್ದಾರೆ ಎಂದು ನಾನು ಅವರ ಬೆನ್ನಿಗೆ ಒಂದು ಭಾಷಣವನ್ನೇ ಮಾಡಿದೆ. ಕಮರದ ಮರಗಳು ಕೇಳಿಸಿಕೊಂಡವು.

ಬಾಣ ನೋಡಿ ನಡೆಯುವವರೂ ಇದ್ದರು: ಹೊಸದಾಗಿ ಬಂದ ಬ್ಯಾಂಕಿನವರು, ಸರ್ಕಾರಿ ನೌಕರರು, ಹೊರಗಿನ ಪ್ರವಾಸಿಗರು. ಹೀಗೆ ಅರ್ಧ ಜನ ಬಾಣದ ಪ್ರಕಾರ, ಅರ್ಧ ಜನ ಬಲಸುತ್ತಿಗೆ. ಎರಡೂ ದಂಡು ಸಂಧಿಸುತ್ತಿದ್ದದ್ದು ಒಬ್ಬರು ಅಡ್ಡವಾಗಿ ತೂರಿದರೆ ಮಾತ್ರ ದಾಟಬಹುದಾದ ಆ ಬಂಡೆಗಳ ಸಂದಿಯಲ್ಲಿ. ಸಂದಿಯ ಈ ತುದಿಯಲ್ಲಿ ಚಪ್ಪಲಿಯ ಸದ್ದು ಕೇಳಿದರೆ ಆ ತುದಿಯವರು ಹಿಂದಕ್ಕೆ ಸರಿಯಬೇಕು, ಕಾಕಾ ಸರಿಯುವವರಲ್ಲ.

"ಬಾಣ ಕಾಣಂಗಿಲ್ಲೇನ್ರಿ ನಿಮಗ?" ಎಂದು ಒಮ್ಮೆ ಬ್ಯಾಂಕಿನವರೊಬ್ಬರು ಸಂದಿಯೊಳಗೇ ರೇಗಿದರು.

"ಕಾಣತೈತ್ರಿ ಸಾಹೇಬ್ರ. ನಿಮ್ಮ ಬ್ಯಾಂಕಿನ್ಯಾಗೂ ಬಾಣ ಇರ್ತಾವು. ಅವು ತೋರಿಸಿದ ಕಿಡಕಿಗೆ ಹೋದರ ಕೆಲಸ ಆಗತೈತೇನು?"

ಇಬ್ಬರ ಹೊಟ್ಟೆಯೂ ದೊಡ್ಡದು. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಹಿಂದಿನವರು ತಳ್ಳಿದರು, ಮುಂದಿನವರು ಬೈದರು, ಯಾರದೋ ಮೊಣಕೈ ತರಚಿತು. ಇಂಥದೇ ಮತ್ತೊಂದು ತಳ್ಳಾಟದಲ್ಲಿ ವಯಸ್ಸಾದವರೊಬ್ಬರು ಬಿದ್ದು ಮಂಡಿ ಒಡೆದುಕೊಂಡರು.

ಸಮಿತಿ ಕಾಯುತ್ತಿದ್ದದ್ದು ಇಷ್ಟಕ್ಕೇ. ಸಾಣಾಪುರದ ಕೆರೆ ನೋಡಲು ಬರುವ ಪ್ರವಾಸಿಗರನ್ನು ಇಲ್ಲಿಗೂ ಕರೆತಂದು, ಈ ಕಾಲುದಾರಿಯಲ್ಲಿ ಜೀಪು ಓಡಿಸಬೇಕೆಂಬ ಆಸೆ ಸಮಿತಿಯ ಅಧ್ಯಕ್ಷರಿಗೆ ಮೊದಲಿನಿಂದ ಇತ್ತು. ಅಡ್ಡ ನಿಂತದ್ದು ಆ ಎರಡು ಬಂಡೆಗಳು. ಈಗ ನೆಪ ಸಿಕ್ಕಿತು: ಸಂದಿಯಲ್ಲಿ ನೂಕುನುಗ್ಗಲು, ಜನರ ಸುರಕ್ಷತೆ, ದಾರಿ ಅಗಲೀಕರಣ, ಬಂಡೆ ಒಡೆಯುವುದು. ಆ ಬಂಡೆಗಳ ಬುಡದ ಪೊಟರೆಯಲ್ಲಿ ಆ ವರ್ಷ ಕರಡಿ ಮರಿ ಹಾಕಿತ್ತು. ಬಳಗದವರೆಲ್ಲ ಹೋಗಿ ಅಧ್ಯಕ್ಷರನ್ನು ಕಂಡೆವು. "ನಿಮ್ಮ ಮಾತಿಗೇ ಬಾಣ ಹಾಕಿದ್ವಿ. ನಿಮ್ಮ ಮಂದೀನೇ ಕೇಳಲಿಲ್ಲ. ಬರೋ ರವಿವಾರ ನಾವು ಬಂದು ಸಂದ್ಯಾಗ ನಿಂತು ನೋಡ್ತೀವಿ. ಗದ್ದಲ ಇತ್ತಂದರ ಒಡಸೂದು," ಎಂದರು.

ನಾನು ನೇರವಾಗಿ ದಲಾಲಿ ಅಂಗಡಿಗೆ ಹೋದೆ. ಕಾಕಾ ಗಾದಿಯ ಮೇಲೆ ಕೂತು ಭತ್ತ ಕಚ್ಚುತ್ತಿದ್ದರು. ಕೂಡು ಎಂದರು; ಕೂಡಲಿಲ್ಲ.

"ನಿಮ್ಮ ಬಲಸುತ್ತಿನ ಸಲುವಾಗಿ ಬಂಡಿ ಒಡೀತಾರ ಕಾಕಾ. ಕರಡಿ ಮರಿ ಹಾಕೈತಿ ಅದರ ಬುಡಕ. ಜೀಪ ಓಡಸ್ತಾರ. ಆಮ್ಯಾಲ ನೀವು ಬಲಕ್ಕ ಸುತ್ತರಿ, ಎಡಕ್ಕ ಸುತ್ತರಿ, ಧೂಳ ಕುಡೀಬೇಕು ಅಷ್ಟ. ಗುಡ್ಡಕ್ಕ ಮರ್ಯಾದಿ ಕೊಡ್ತೀನಿ ಅಂತ ಹೋಗಿ ಗುಡ್ಡದ ಎಲುಬು ಮುರದ್ರಿ!"

ಕಾಕಾ ಕೈಯಲ್ಲಿದ್ದ ಅಕ್ಕಿಯನ್ನು ನೆಲಕ್ಕೆ ಚೆಲ್ಲಿದರು. ಅನ್ನದ ಕಾಳು ಅವರು ಹಾಗೆ ಚೆಲ್ಲಿದ್ದನ್ನು ನಾನು ನೋಡಿರಲಿಲ್ಲ.

"ಬಾಣ ತಿರುಗಿಸಿ ಬರಸಾಕ ಬರಂಗಿಲ್ಲೇನು?"

"ಬರತೈತಿ. ಆದರ ಎಲ್ಲಾರೂ ನಸಿಕಿನ್ಯಾಗ ದೊಣಿಗೆ ಹೋಗ್ತೀರಿ. ಮರಿ ಇದ್ದ ಕರಡಿ ನೀರ ಎಲ್ಲಿ ಕುಡೀಬೇಕ್ರಿ? ಹೋದ ಬ್ಯಾಸಗ್ಯಾಗ ನಿಮ್ಮ ಚಪ್ಪಲಿ ಸಪ್ಪಳಕ್ಕ ನವಿಲು ನೀರ ಬಿಟ್ಟು ಹಾರಿ ಹೋಗೂದು ನಾ ಕಣ್ಣಾರೆ ನೋಡೀನಿ."

ಅವರು ಬಾಗಿ, ಚೆಲ್ಲಿದ ಅಕ್ಕಿಯನ್ನು ಒಂದೊಂದೇ ಕಾಳಾಗಿ ಆರಿಸತೊಡಗಿದರು.

"ಅದು ಬರೇ ದಾರಿ ಕಾಕಾ," ಎಂದೆ ಮತ್ತೆ.

"ನಿನಗ ಬರೇ ದಾರಿ. ನನಗ ಹಂಗಲ್ಲವಾ," ಎಂದರು. ಸ್ವರದಲ್ಲಿ ತಮಾಷೆ ಇರಲಿಲ್ಲ. "ನಮ್ಮಪ್ಪನ್ನ ಎಡಕ್ಕ ಸುತ್ತೀನಿ ನಾನು. ನಮ್ಮವ್ವನ್ನ ಸುತ್ತೀನಿ. ನನ್ನ ಕಾಲಿಗೆ ಗೊತ್ತೈತಿ ಅದು ಎಂಥಾ ಸುತ್ತು ಅಂತ."

ಅವರು ಹೆಗಲ ಟವೆಲ್ಲು ತೆಗೆದು ನನ್ನ ಬಲಗೈ ಮೇಲೆ ಹರಡಿ, ಅದರ ಕೆಳಗೆ ನನ್ನ ಅಂಗೈಯನ್ನು ಒಮ್ಮೆ ಗಟ್ಟಿಯಾಗಿ ಒತ್ತಿ ಬಿಟ್ಟರು. ಬಜಾರಿನಲ್ಲಿ ವ್ಯಾಪಾರ ಕುದುರುವುದು ಹಾಗೆ. ಟವೆಲ್ಲಿನ ಕೆಳಗೆ ಕೈ ಒತ್ತಿದ ಮೇಲೆ ದಲಾಲಿ ಹಿಂದಕ್ಕೆ ಸರಿದರೆ ಮರುದಿನ ಅವನ ಗಾದಿಗೆ ಯಾರೂ ಚೀಲ ಇಳಿಸುವುದಿಲ್ಲ. ಏನು ವ್ಯಾಪಾರ ಕುದುರಿತೆಂದು ಅವರು ಹೇಳಲಿಲ್ಲ. "ಹೋಗು, ಗಿರಾಕಿ ಬಂದಾರ," ಎಂದರು.

ಆ ರವಿವಾರ ಅಧ್ಯಕ್ಷರೂ ಸಮಿತಿಯವರೂ ಸಂದಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ವನ್ಯಧಾಮದೊಳಗೆ ಕುರ್ಚಿ, ಶಾಮಿಯಾನ, ಪ್ಲಾಸ್ಟಿಕ್ ಬಾಟಲಿಯ ನೀರು; ಆ ತಪ್ಪನ್ನೂ ನಾನು ಅಲ್ಲೇ ಹೇಳಿ ಕವಲಿಗೆ ಬಂದು ನಿಂತೆ. ದಂಡು ಬಂತು. ರೂಢಿಯಂತೆ ಎಲ್ಲರೂ ದೊಣೆಯ ದಾರಿಗೆ ಹೊರಳಿದರು. ಕಾಕಾ ಬಾಣದ ಕಲ್ಲಿನ ಬಳಿ ನಿಂತೇ ಇದ್ದರು.

"ಯಾಕ ನಿಂತಿರಿ ಸಾವಕಾರ್ರ?"

"ಇವತ್ತ ಹಿಂಗ ಹೋಗೂದು," ಎಂದು ಕಮರದ ಕಡೆ ಕೈ ತೋರಿಸಿದರು.

ಎಲ್ಲರೂ ಒಮ್ಮೆಗೇ ಮಾತಾಡತೊಡಗಿದರು. ಎಡಸುತ್ತೇ? ಮುಂಜಾನೆ ಎದ್ದು? ಮನೆಯಲ್ಲಿ ಮಕ್ಕಳು ಮರಿ ಇದ್ದವರು? "ತಲಿ ಕೆಟ್ಟೈತೇನ್ರಿ ನಿಮಗ? ಆ ಹುಡುಗಿ ಮಾತ ಕೇಳಿ..." ಎಂದು ಯಾರೋ ನನ್ನತ್ತ ಕಣ್ಣು ಬಿಟ್ಟರು.

"ಮೊದಲ ನಾ ಹೋಗತೀನಿ," ಎಂದರು ಕಾಕಾ. "ಕೇಡ ಅನ್ನೂದು ಮುಂದ ಹೋದವನಿಗೆ ಬಡೀತೈತಿ. ಹಿಂದಿನವರಿಗೆ ಏನಿಲ್ಲ. ನನ್ನ ಹೆಜ್ಜಿ ಮ್ಯಾಲ ಹೆಜ್ಜಿ ಇಡ್ರಿ, ಸುಮ್ಮನ ಬರ್ರಿ."

ಇಂಥ ನಿಯಮ ಯಾವ ಶಾಸ್ತ್ರದಲ್ಲಿದೆಯೋ ನನಗೆ ಗೊತ್ತಿಲ್ಲ. ಅವರು ಅಲ್ಲೇ ನಿಂತು ಕಟ್ಟಿದ್ದೆಂದು ನನ್ನ ಅನುಮಾನ. ಒಂದು ಮೂಢನಂಬಿಕೆಯನ್ನು ಇನ್ನೊಂದರಿಂದ ಕಟ್ಟಿಹಾಕುವುದು ಪರಿಹಾರವಲ್ಲ ಎಂದು ಹೇಳಬೇಕೆನಿಸಿತು. ಅಷ್ಟರಲ್ಲಿ ಅವರು ಹೊರಟಿದ್ದರು. ಅಂದು ಅವರು ಅಂಗೈ ತಿಕ್ಕಲಿಲ್ಲ. ಎಡಗಡೆಯ ಗುಡ್ಡವನ್ನು ಒಮ್ಮೆಯೂ ನೋಡದೆ, ತಲೆ ತಗ್ಗಿಸಿ, ಹೆಣದ ಹಿಂದೆ ನಡೆವವರಂತೆ ನಡೆದರು. ಇಡೀ ಬಜಾರು ಒಂದೇ ಸಾಲಿನಲ್ಲಿ ಅವರ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟಿತು. ಸಂದಿಯಲ್ಲಿ ಎದುರು ಬರುವವರೇ ಇರಲಿಲ್ಲ. ಒಬ್ಬೊಬ್ಬರಾಗಿ ದಾಟಿದರು. ಅಧ್ಯಕ್ಷರು ಕುರ್ಚಿಯಲ್ಲಿ ಕೂತು ಬಾಟಲಿಯ ನೀರು ಕುಡಿದು ಮುಗಿಸಿದರು, ಗದ್ದಲ ಬರಲಿಲ್ಲ.

ಬಂಡೆ ಉಳಿಯಿತು. ನಾನು ಕುಣಿಯುತ್ತ ಅವರ ಮನೆಗೆ ಹೋದರೆ ಕಾಕಾ ಹಿತ್ತಲಲ್ಲಿ, ಉಟ್ಟ ಬಟ್ಟೆಯ ಮೇಲೆಯೇ, ತಣ್ಣೀರು ಸುರಿದುಕೊಳ್ಳುತ್ತಿದ್ದರು. ಸುಡುಗಾಡಿನಿಂದ ಬಂದವರು ಒಳಗೆ ಬರುವ ಮೊದಲು ಮಾಡುವ ಜಳಕ.

"ಇದೇನ್ರಿ ಕಾಕು?"

"ಮಾತಾಡಸಬ್ಯಾಡ ಈಗ. ಇನ್ನ ಮ್ಯಾಲ ಪ್ರತಿ ವಾರ ಹಿಂಗಂತ," ಎಂದರು ಕಾಕು, ಒಣ ಪಂಚೆ ಹಿಡಿದು ನಿಂತು.

ಹಾಗೆಯೇ ಆಯಿತು. ಪ್ರತಿ ರವಿವಾರ ಬಾಣದ ದಾರಿ, ಪ್ರತಿ ರವಿವಾರ ಹಿತ್ತಲಿನ ತಣ್ಣೀರು. ನಾನು ಪ್ರತಿ ರವಿವಾರವೂ ಜಗಳ ಮಾಡಿದೆ. ಶುಗರಿನವರು ಚಳಿಗಾಲದಲ್ಲಿ ತಣ್ಣೀರು ಸುರಿದುಕೊಳ್ಳುವುದು ಮೂರ್ಖತನ ಎಂದೆ. ದಾರಿಗೆ ಮೈಲಿಗೆ ಇಲ್ಲ ಎಂದೆ. ಮೈಲಿಗೆ ಎಂಬ ಮಾತೇ ಈ ಸಮಾಜದ ಗಾಯ ಎಂದೆ. "ಹೌದೌದು," ಎನ್ನುತ್ತ ಅವರು ನೀರು ಸುರಿದುಕೊಂಡರು. ನಂಬಿಕೆ ಬಿಟ್ಟು ನಡೆದಿದ್ದರೆ ನಾನು ಗೆದ್ದೆನೆಂದು ಬೀಗುತ್ತಿದ್ದೆ. ಅವರು ನಂಬಿಕೆಯನ್ನು ಒಂದು ಎಳ್ಳಿನಷ್ಟೂ ಬಿಡದೆ ಅದರ ವಿರುದ್ಧ ದಿಕ್ಕಿಗೆ ನಡೆದರು. ಇದಕ್ಕೆ ಏನು ಹೆಸರಿಡಬೇಕೆಂದು ನನ್ನ ಶಿಬಿರಗಳಲ್ಲಿ ಯಾರೂ ಕಲಿಸಿರಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ ಕಾಕಾ ತೀರಿಕೊಂಡರು. ಬಹುಕಾಲದ ಸಕ್ಕರೆ, ಕಾಲಿಗೆ ಆದ ಗಾಯ, ಮಾಯದ ಹುಣ್ಣು, ಕಡೆಗೆ ಹೃದಯ; ಡಾಕ್ಟರು ಕಾರಣಗಳನ್ನು ಸ್ಪಷ್ಟವಾಗಿ ಹೇಳಿದರು. ಓಣಿ ಒಪ್ಪಲಿಲ್ಲ. ಅವರನ್ನು ಇನ್ನೂ ಹೊರಗೆ ತಂದಿರಲಿಲ್ಲ, ಅಷ್ಟರಲ್ಲೇ ಕಟ್ಟೆಯ ಮೇಲೆ ಮಾತು ಹುಟ್ಟಿತ್ತು: "ವಾರಾ ವಾರಾ ಎಡಸುತ್ತು ಹಾಕಿದರ ಏನಾಗತೈತಿ ಮತ್ತ? ಕೇಡ ಮುಂದಿನವನಿಗೆ ಬಡೀತೈತಿ ಅಂತ ತಾವ ಅಂದಿದ್ದರಲ್ಲ." ನಾನು ಆ ಕಟ್ಟೆಗೆ ಹೋಗಿ, ಸಾವಿನ ಮನೆಯ ಮುಂದೆ ಎತ್ತರದ ಸ್ವರದಲ್ಲಿ ಮಾತಾಡಬಾರದೆಂಬ ಮರ್ಯಾದೆಯನ್ನೂ ಮರೆತು, ಅವರನ್ನು ಕೊಂದದ್ದು ಸಕ್ಕರೆ, ಸುತ್ತಲ್ಲ ಎಂದು ಕೂಗಿದೆ. ನನ್ನನ್ನು ಯಾರೂ ವಿರೋಧಿಸಲಿಲ್ಲ. ಪಾಪ, ದುಃಖದಲ್ಲಿದ್ದಾಳೆ ಎಂಬಂತೆ ನೋಡಿದರು. ಅದು ಇನ್ನೂ ಕೆಟ್ಟದು.

ಮುಂದಿನ ರವಿವಾರ ಬಜಾರಿನವರು ದೊಣೆಯ ದಾರಿಗೆ ಇಳಿದರು. ಅದರ ಮುಂದಿನ ವಾರ ಸಂದಿಯಲ್ಲಿ ಮತ್ತೆ ತಳ್ಳಾಟ. ಅಧ್ಯಕ್ಷರಿಗೆ ಸುದ್ದಿ ಹೋಯಿತು. ಬರುವ ರವಿವಾರ ಮತ್ತೆ ಬಂದು ನೋಡುತ್ತೇವೆ, ಈ ಸಲ ಒಡೆಯುವವನನ್ನೂ ಕರೆದುಕೊಂಡೇ ಬರುತ್ತೇವೆ ಎಂದರು. ಅಷ್ಟು ವರ್ಷದ ಹೋರಾಟ, ಕರಡಿ, ನೀರು, ಎರಡು ಬಂಡೆ, ಎಲ್ಲವೂ ಒಬ್ಬ ಮನುಷ್ಯನ ಹೆಜ್ಜೆಯ ಮೇಲೆ ನಿಂತಿತ್ತೆಂದು ಆಗ ತಿಳಿಯಿತು. ವಿಜ್ಞಾನ ಹೇಳಿ, ಕಾನೂನು ಹೇಳಿ, ಮನೆಮನೆಗೆ ಹೋಗಿ ಕೈಮುಗಿದೆ. "ನಿನಗೇನವಾ, ನೀ ನಂಬಂಗಿಲ್ಲ. ನಿನಗ ಏನೂ ಆಗಂಗಿಲ್ಲ," ಎಂದರು. ನನ್ನ ಇಡೀ ವೈಚಾರಿಕತೆಯನ್ನು ಒಂದೇ ಮಾತಿನಲ್ಲಿ ನಿರುಪಯೋಗಿ ಮಾಡಿ ಬಾಗಿಲು ಮುಚ್ಚಿದರು.

ಆ ರವಿವಾರ ನಾನು ಹೋದಾಗ ಬೇವಿನ ನೆರಳಲ್ಲಿ ಕಾಕು ನಿಂತಿದ್ದರು. ಕಾಕಾ ಹೋಗಿ ತಿಂಗಳು ತುಂಬಿರಲಿಲ್ಲ. ಅಂಥ ಹೆಂಗಸು ಹೊಸ್ತಿಲು ದಾಟಿದ್ದೇ ತಪ್ಪೆಂಬಂತೆ ಗಂಡಸರು ಮುಖ ಆಚೆಗೆ ತಿರುಗಿಸಿದರು. (ಇದೂ ಒಂದು ತಪ್ಪು, ಬರೆದಿಡುತ್ತಿದ್ದೇನೆ.) ಕೈಯಲ್ಲಿ ಡಬ್ಬಿ ಇರಲಿಲ್ಲ, ಕಾಕಾ ಅವರ ಕೈಚೀಲವಿತ್ತು. ಕಾಕು ಯಾರಿಗೂ ಏನೂ ಹೇಳದೆ ಕವಲಿನವರೆಗೆ ನಡೆದು, ಬಾಣದ ಕಲ್ಲನ್ನು ನೋಡಿ, "ಇದೇ ಏನವಾ ಅದು?" ಎಂದು ನನ್ನನ್ನು ಕೇಳಿದರು. ಇಷ್ಟು ವರ್ಷ ಬಂದವರು ಆ ಕಲ್ಲನ್ನು ಕಂಡದ್ದು ಅಂದೇ.

"ಬ್ಯಾಡ್ರಿ ವೈನಿ," ಎಂದರು ಬಜಾರಿನ ಹಿರಿಯರೊಬ್ಬರು. "ಆ ದಾರಿ ಸಾವಕಾರ್ರನ್ನ ತಗೊಂಡೈತಿ. ನೀವು ಯಾಕ ಮತ್ತ..."

ಕಾಕು ಸೆರಗು ಸರಿಮಾಡಿಕೊಂಡರು.

"ಅಣ್ಣಾರ, ನೀವೆಲ್ಲಾ ಅವರ ಹೆಜ್ಜಿ ಮ್ಯಾಲ ಹೆಜ್ಜಿ ಇಟ್ಟು ಹೋಗೀರಿ. ನಿಮ್ಮ ಕೇಡೆಲ್ಲಾ ತಮ್ಮ ಮ್ಯಾಲ ಹಾಕ್ಕೊಂಡು, ವಾರಕ್ಕೊಮ್ಮೆ ಹಿತ್ತಲದಾಗ ತೊಳಕೊಂಡರು. ನಾನ ನೀರ ಸೇದಿ ಕೊಟ್ಟೀನಿ. ಇದ್ದಷ್ಟು ಮೈಲಿಗಿ ಅವರು ಹೊತ್ಕೊಂಡ ಹೋದರು." ಕಲ್ಲಿನ ಬಾಣವನ್ನು ಬೆರಳಿಂದ ಒಮ್ಮೆ ಮುಟ್ಟಿದರು. "ಇನ್ನ ಉಳದದ್ದು ಬರೇ ದಾರಿ."

ಅಷ್ಟು ಹೇಳಿ ಕಮರದ ಕಡೆಗೆ ನಡೆದರು.

ನಾನು ಅವರ ಹಿಂದೆ ನಡೆದೆ. ಸ್ವಲ್ಪ ದೂರ ಹೋದ ಮೇಲೆ ತಿರುಗಿ ನೋಡುವ ಧೈರ್ಯ ಬಂತು. ಬಜಾರಿನವರು ಒಂದೇ ಸಾಲಿನಲ್ಲಿ ಬರುತ್ತಿದ್ದರು. ಯಾರೂ ಮಾತಾಡಲಿಲ್ಲ. ಚಪ್ಪಲಿಯ ಸದ್ದಿರಲಿಲ್ಲ. ದಾರಿಯ ತಿರುವಿನಲ್ಲಿ ಗೌಜಲಕ್ಕಿಯೊಂದು ಮರಿಗಳೊಂದಿಗೆ ನಿಂತು, ನಮ್ಮನ್ನು ನೋಡಿ, ಅವಸರವಿಲ್ಲದೆ ಗಿಡದೊಳಗೆ ಸರಿಯಿತು. ಎಷ್ಟೋ ವರ್ಷ ನಾನು ಬೇಡಿದ್ದು ಇದೇ ಮೌನವನ್ನು. ಅಂದು ಅದನ್ನು ಸಹಿಸುವುದು ಕಷ್ಟವಾಯಿತು.

ಸಂದಿಯಲ್ಲಿ ಅಧ್ಯಕ್ಷರ ಕುರ್ಚಿ ಇತ್ತು, ಪಕ್ಕದಲ್ಲಿ ಕಲ್ಲು ಒಡೆಯುವವನು ಬೀಡಿ ಸೇದುತ್ತ ಕುಕ್ಕರುಗಾಲಿನಲ್ಲಿ ಕೂತಿದ್ದ. ಕಾಕು ಅಡ್ಡವಾಗಿ ತಿರುಗಿ, ಎರಡೂ ಬಂಡೆಗಳಿಗೆ ಅಂಗೈ ಊರಿ ದಾಟಿದರು. ಹಿಂದೆ ಒಬ್ಬೊಬ್ಬರಾಗಿ ಉಳಿದವರು. ಎದುರು ಯಾರೂ ಬರಲಿಲ್ಲ. ಬೀಡಿ ಮುಗಿಯಿತು. ಕಲ್ಲು ಒಡೆಯುವವನು ಎದ್ದು ಹೋದ.

ಬಂಡೆಗಳು ಇಂದಿಗೂ ಇವೆ. ಹೋರಾಟದ ಗೆಲುವೆಂದು ನಮ್ಮ ಬಳಗದ ಸಭೆಗಳಲ್ಲಿ ಹೇಳಿಕೊಳ್ಳುತ್ತಾರೆ. ನಾನು ಪ್ರತಿ ಸಲ ಎದ್ದು ನಿಂತು ತಿದ್ದುತ್ತೇನೆ. ಆ ಬಾಣದ ಪ್ರಕಾರ ನಡೆದದ್ದಕ್ಕೆ ನಾನು ಯಾವ ಬೆಲೆಯನ್ನೂ ತೆರಲಿಲ್ಲ, ಯಾಕೆಂದರೆ ನಾನು ನಂಬುವವಳಲ್ಲ. ಬೆಲೆ ತೆತ್ತು ನಡೆದವರು ಕಾಕಾ. ಆ ಋಣ ನನ್ನ ವಾದಗಳಿಂದ ತೀರುವಂಥದ್ದಲ್ಲ. ಅವರ ಬಾಳೆಹಣ್ಣನ್ನೂ, ಭಜನೆಯನ್ನೂ, ಹೆಂಡತಿಯನ್ನು ಬೇವಿನ ಕೆಳಗೆ ಕೂಡಿಸಿದ್ದನ್ನೂ ಆ ಋಣಕ್ಕಾಗಿ ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ಅಂದು ಸುತ್ತಿನ ಕೊನೆಗೆ ದೊಣೆಗೆ ಬಂದೆವು. ಅಂಚಿನ ಕೆಸರಿನಲ್ಲಿ ಕರಡಿಯ ಹೆಜ್ಜೆ, ಅದರ ಪಕ್ಕ ಅದೇ ಆಕಾರದ ಸಣ್ಣ ಹೆಜ್ಜೆ. ಆ ಹೆಜ್ಜೆಗಳೊಳಗೆ ಇನ್ನೂ ನೀರು ಒಸರುತ್ತಿತ್ತು. ಕಾಕು ಬಾಗಿ ಬಹಳ ಹೊತ್ತು ನೋಡಿದರು. ಆಮೇಲೆ ದಣಿವಾರಿಸಿಕೊಳ್ಳಲು ಬಂಡೆಯ ಮೇಲೆ ಕೂತು, ಕಾಕಾ ಅವರ ಕೈಚೀಲ ಬಿಚ್ಚಿ, ಒಳಗಿಂದ ಬಾಳೆಹಣ್ಣಿನ ಗೊನೆ ತೆಗೆದರು. ಮಂಗಗಳು ಕಮರದ ಮರದಿಂದ ಆಗಲೇ ಇಳಿಯುತ್ತಿದ್ದವು.

ನನ್ನ ಮುಖ ನೋಡಿ ಕಾಕು ಹಣ್ಣು ಹಿಡಿದ ಕೈಯನ್ನು ಅರ್ಧಕ್ಕೇ ನಿಲ್ಲಿಸಿದರು.

"ಏನವಾ ತಕರಾರು, ಏನರ ಐತೇನು?"

ಇತ್ತು. ಕಣ್ಣು ಒರೆಸಿಕೊಂಡು, ಮೊದಲಿನಿಂದ ಹೇಳತೊಡಗಿದೆ.